ಒಪ್ಪಂದ ಮುಗಿದರೆ ಲೀಗ್ ಮುಗಿಯಬಾರದು

2025ರ ಜುಲೈ 11ರಂದು ದೇಶದ ಅಗ್ರ ಫುಟ್‌ಬಾಲ್ ಲೀಗ್ ನಡೆಸುವ ಕಂಪನಿಯಿಂದ ಕ್ಲಬ್‌ಗಳಿಗೂ ಫೆಡರೇಷನ್‌ಗೂ ಒಂದು ಪತ್ರ ಹೋಯಿತು. ಫೆಡರೇಷನ್ ಜತೆಗಿನ ಹಕ್ಕುಗಳ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುತ್ತದೆ, ಅದರಾಚೆಗೆ ಏನೆಂಬುದು ಇತ್ಯರ್ಥವಾಗಿಲ್ಲ, ಹಾಗಾಗಿ ಇಂಡಿಯನ್ ಸೂಪರ್ ಲೀಗ್‌ನ ಹೊಸ ಋತುವನ್ನು ತಡೆಹಿಡಿಯಲಾಗಿದೆ ಎಂಬುದು ಪತ್ರದ ಸಾರ. ಮೂರು ವಾರ ಕಳೆದು ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಚೆನ್ನೈಯಿನ್ ಎಫ್‌ಸಿ ಕೂಡ ಅದೇ ದಾರಿ ಹಿಡಿಯಿತು. ಸುನಿಲ್ ಚೆಟ್ರಿಯಂಥ ಆಟಗಾರನಿರುವ, ಜೆಎಸ್‌ಡಬ್ಲ್ಯುನಂಥ ಉಕ್ಕಿನ ಕಂಪನಿ ಹಿಂದೆ ನಿಂತಿರುವ ಕ್ಲಬ್ಬಿನ ಸ್ಥಿತಿಯೇ ಹೀಗಾದರೆ ಉಳಿದವರ ಪಾಡು ಹೇಳುವುದೇ ಬೇಡ.

ಮುಂದಿನದು ಇನ್ನೂ ನೋವಿನ ಕಥೆ. ವಿಷಯ ಸುಪ್ರೀಂ ಕೋರ್ಟ್‌ ಮುಂದಿತ್ತು. ಲೀಗ್‌ನ ವಾಣಿಜ್ಯ ಹಕ್ಕುಗಳಿಗೆ ಫೆಡರೇಷನ್ ಟೆಂಡರ್ ಕರೆಯಿತು. ನವೆಂಬರ್ 7ರ ಗಡುವು ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ. ಡಿಸೆಂಬರ್ ಕೊನೆಯಲ್ಲಿ, ಮ್ಯಾಂಚೆಸ್ಟರ್ ಸಿಟಿಯ ಒಡೆಯ ಸಂಸ್ಥೆಯಾದ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಸಿಟಿ ತಂಡದಲ್ಲಿದ್ದ ತನ್ನ ಪಾಲನ್ನು ಬಿಟ್ಟು ಹೊರನಡೆಯಿತು. ಕಡೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಅವರೇ ಮುಂದೆ ಬಂದು, ಫೆಬ್ರವರಿ 14ರಿಂದ 14 ತಂಡಗಳ ಲೀಗ್ ನಡೆಯಲಿದೆ ಎಂದು ಘೋಷಿಸಬೇಕಾಯಿತು. ಒಟ್ಟು 91 ಪಂದ್ಯ, ಅಂದರೆ ತಂಡಕ್ಕೆ 13. ಅದರ ಹಿಂದಿನ ಋತುವಿನಲ್ಲಿ ಒಂದೊಂದು ತಂಡವೂ 24 ಲೀಗ್ ಪಂದ್ಯಗಳನ್ನು ಆಡಿತ್ತು.

140 ಕೋಟಿ ಜನರ ದೇಶದಲ್ಲಿ, 1888ರಷ್ಟು ಹಿಂದೆಯೇ ಡ್ಯುರಾಂಡ್ ಕಪ್ ಆರಂಭವಾದ ದೇಶದಲ್ಲಿ, ಒಂದು ಕರಾರಿನ ಅವಧಿ ಮುಗಿದದ್ದಕ್ಕೆ ರಾಷ್ಟ್ರೀಯ ಲೀಗ್ ನಿಂತುಹೋಯಿತು. ಇದನ್ನು ಆಕಸ್ಮಿಕ ಎಂದು ತಳ್ಳಿಹಾಕುವಂತಿಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ಭಾರತ ಮೂರು ಬಾರಿ ರಾಷ್ಟ್ರೀಯ ಲೀಗ್ ಕಟ್ಟಿದೆ. ಮೂರೂ ಬಾರಿ ಮೇಲಿನಿಂದಲೇ ಶುರುಮಾಡಿದೆ. ಯಾರೋ ಒಬ್ಬ ಪೋಷಕನ ಹಣದ ಮೇಲೆ ಎದ್ದುನಿಂತ ಲೀಗ್, ಆ ಪೋಷಕ ಕೈಬಿಟ್ಟಾಗ ಅಲುಗಾಡಿದೆ.

ಮೊದಲನೆಯದು 1996ರ ನ್ಯಾಷನಲ್ ಫುಟ್‌ಬಾಲ್ ಲೀಗ್. ಅಲ್ಲಿಯವರೆಗೆ ದೇಶದ ಫುಟ್‌ಬಾಲ್ ಎಂದರೆ ಕೋಲ್ಕತ್ತ, ಗೋವಾ, ಕೇರಳ, ಬೆಂಗಳೂರುಗಳ ಸ್ಥಳೀಯ ಲೀಗ್‌ಗಳು ಮತ್ತು ನಾಕೌಟ್ ಟೂರ್ನಿಗಳು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ ಎಲ್ಲವೂ ಆ ವ್ಯವಸ್ಥೆಯಿಂದಲೇ ಬಂದವು. ಆದರೆ ಜಗತ್ತು ವೃತ್ತಿಪರವಾಗುತ್ತ ಹೋದಂತೆ ವರ್ಷಕ್ಕೆ ನಾಲ್ಕಾರು ಟೂರ್ನಿಗಳನ್ನು ನಂಬಿ ಕೂರುವಂತಿರಲಿಲ್ಲ. ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಪಂಜಾಬಿನ ಫಗ್ವಾರದ ಜೆಸಿಟಿ ಮಿಲ್ಸ್. ಆ ತಂಡದಲ್ಲಿ ಬೈಚುಂಗ್ ಭುಟಿಯಾ, ಐ.ಎಂ. ವಿಜಯನ್ ಜತೆ ಬೆಂಗಳೂರಿನ ಆಸ್ಟಿನ್ ಟೌನ್‌ನ ಹುಡುಗ ಕಾರ್ಲ್‌ಟನ್ ಚಾಪ್‌ಮನ್ ಇದ್ದರು. ಚಾಪ್‌ಮನ್ ಆಮೇಲೆ ಈಸ್ಟ್ ಬೆಂಗಾಲ್ ನಾಯಕರಾಗಿ 2001ರಲ್ಲಿ ಅದೇ ಲೀಗನ್ನು ಗೆದ್ದರು. 2020ರ ಅಕ್ಟೋಬರ್‌ನಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡ ಅವರ ಹೆಸರು ಬೆಂಗಳೂರಿನ ಎಷ್ಟು ಮೈದಾನಗಳಲ್ಲಿದೆ ಎಂದು ಈ ನಗರ ಕೇಳಿಕೊಳ್ಳಬೇಕು.

ಜೆಸಿಟಿ ಬಟ್ಟೆ ಗಿರಣಿಯ ತಂಡ. ಆಗಿನ ಲೀಗ್ ತುಂಬಾ ಇಂಥವೇ ತಂಡಗಳು: ಮಹೀಂದ್ರ, ಏರ್ ಇಂಡಿಯಾ, ಇಂಡಿಯನ್ ಬ್ಯಾಂಕ್, ಬಿಎಸ್‌ಎಫ್. ನಮ್ಮ ಐಟಿಐ ಮತ್ತು ಎಚ್‌ಎಎಲ್ ಕೂಡ ರಾಷ್ಟ್ರಮಟ್ಟದ ಲೀಗ್‌ಗಳಲ್ಲಿ ಆಡಿದವೇ. ಆಟಗಾರನಿಗೆ ನೌಕರಿ ಇತ್ತು, ನಿವೃತ್ತಿಯ ನಂತರ ಪಿಂಚಣಿ ಇತ್ತು, ಮನೆಯವರಿಗೆ ನೆಮ್ಮದಿ ಇತ್ತು. ಆದರೆ ತಂಡಕ್ಕೆ ಊರು ಇರಲಿಲ್ಲ. ಬ್ಯಾಂಕಿನ ತಂಡ ಸೋತರೆ ಅಳುವ ಬಡಾವಣೆ ಯಾವುದು? ಕಂಪನಿಯ ಲೆಕ್ಕಪತ್ರದಲ್ಲಿ ಫುಟ್‌ಬಾಲ್ ತಂಡ ಒಂದು ಖರ್ಚಿನ ಬಾಬ್ತು ಮಾತ್ರ. ಮಾಲೀಕರ ಮನಸ್ಸು ಬದಲಾದ ದಿನ ತಂಡ ಇಲ್ಲ. 2006ರಲ್ಲಿ ಲೀಗ್ ಗೆದ್ದಿದ್ದ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಮುಚ್ಚಿತು. ಮರುವರ್ಷ ಜೆಸಿಟಿ. ದೇಶದ ಮೊದಲ ಲೀಗ್ ಚಾಂಪಿಯನ್ ತಂಡವೇ ಹದಿನೈದು ವರ್ಷ ತುಂಬುವುದರೊಳಗೆ ಇಲ್ಲವಾಯಿತು.

ಎರಡನೆಯದು ಐ-ಲೀಗ್. 2007ರಲ್ಲಿ ಹಳೆಯ ಲೀಗನ್ನೇ ಈ ಹೊಸ ಹೆಸರಿನಲ್ಲಿ ಮತ್ತೆ ಕಟ್ಟಲಾಯಿತು. ಪ್ರಸಾರದ ಹಕ್ಕು ಪಡೆದಿದ್ದ ಟಿ.ವಿ. ಸಂಸ್ಥೆಯೊಂದಿಗಿನ ಹತ್ತು ವರ್ಷಗಳ ಒಪ್ಪಂದ ಅರ್ಧಕ್ಕೇ ಮುರಿದುಬಿತ್ತು. 2010ರ ಡಿಸೆಂಬರ್‌ನಲ್ಲಿ ಫೆಡರೇಷನ್ ಐಎಂಜಿ-ರಿಲಯನ್ಸ್ ಜತೆ 15 ವರ್ಷಗಳ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ಮೊತ್ತ 700 ಕೋಟಿ ರೂಪಾಯಿ. ಭಾರತದ ಫುಟ್‌ಬಾಲ್ ಅಷ್ಟು ದೊಡ್ಡ ಹಣವನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. 2025ರಲ್ಲಿ ಲೀಗನ್ನು ನಿಲ್ಲಿಸಿದ್ದು ಈ ಕರಾರಿನ ಕೊನೆಯ ದಿನಾಂಕವೇ.

ಆ ಹಣದಿಂದ ಹುಟ್ಟಿದ್ದು ಮೂರನೆಯದಾದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್. 2014ರ ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ದೆಹಲಿಗೆ ಡೆಲ್ ಪಿಯೆರೊ, ಪುಣೆಗೆ ಟ್ರೆಜೆಗೆ, ಗೋವಾಕ್ಕೆ ಪಿರೆಸ್, ಕೇರಳಕ್ಕೆ ಡೇವಿಡ್ ಜೇಮ್ಸ್. ಟಿ.ವಿ.ಯಲ್ಲಿ ಮಾತ್ರ ನೋಡಿದ್ದವರನ್ನು ಜನ ಕಣ್ಣೆದುರು ಕಂಡರು. ಎಂಟು ತಂಡಗಳ ಆ ಮೊದಲ ಲೀಗ್ ಸುಮಾರು ಎರಡು ತಿಂಗಳಲ್ಲಿ ಮುಗಿಯಿತು. ಆದರೂ ಐಎಸ್‌ಎಲ್ ಕೊಟ್ಟದ್ದನ್ನು ಇಲ್ಲವೆನ್ನಲಾಗದು. ಮೈದಾನದ ಹುಲ್ಲು ಹಸನಾಯಿತು, ಆಟಗಾರರಿಗೆ ಒಳ್ಳೆಯ ಸಂಬಳ ಸಿಕ್ಕಿತು, ಫಿಸಿಯೊ, ಆಹಾರ ತಜ್ಞ, ವಿಡಿಯೊ ವಿಶ್ಲೇಷಕ ಎಂಬ ಹುದ್ದೆಗಳು ಬಂದವು, ಕೊಚ್ಚಿಯ ಕ್ರೀಡಾಂಗಣ ಹಳದಿ ಬಣ್ಣದಲ್ಲಿ ಮುಳುಗಿತು. ಫುಟ್‌ಬಾಲ್ ಆಡಿ ಬದುಕಬಹುದು ಎಂದು ಮಧ್ಯಮ ವರ್ಗದ ತಂದೆತಾಯಿ ನಂಬಿದ್ದು ಆ ಹೊತ್ತಿನಲ್ಲೇ.

ತಪ್ಪು ಇದ್ದದ್ದು ಅಡಿಪಾಯದಲ್ಲಿ. ಲೀಗ್‌ನ ಪ್ರವೇಶ ಹಣ ಕೊಟ್ಟವರಿಗೆ; ಆಡಿ ಗೆದ್ದು ಬಂದವರಿಗೆ ದಾರಿಯೇ ಇರಲಿಲ್ಲ. ಒಮ್ಮೆ ಒಳಗೆ ಬಂದವರು ಎಷ್ಟು ಸೋತರೂ ಹೊರಬೀಳುತ್ತಿರಲಿಲ್ಲ. ಇತ್ತ ಐ-ಲೀಗನ್ನು ಕೆಳದರ್ಜೆಗೆ ಇಳಿಸುವ ಸುದ್ದಿ ಹಬ್ಬಿದಾಗ 2016ರಲ್ಲಿ ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್‌ಗಳು ಬೇಸತ್ತು ಹಿಂದೆ ಸರಿದವು. ಇವುಗಳಲ್ಲಿ ಡೆಂಪೊ ಒಂದೇ ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದ ತಂಡ. ಆ ಮಟ್ಟದ ಕ್ಲಬ್ಬನ್ನು ಕಳೆದುಕೊಂಡ ಯಾವ ದೇಶವೂ ಅದನ್ನು ಪ್ರಗತಿ ಎಂದು ಕರೆದುಕೊಳ್ಳಲಾರದು.

ಆ ಮೂರು ಕ್ಲಬ್‌ಗಳು ಹೊರನಡೆದ ಮರುವರ್ಷವೇ ಈಶಾನ್ಯದ ಗುಡ್ಡಗಾಡಿನಿಂದ ಒಂದು ಉತ್ತರ ಬಂತು.

ಮಿಜೋರಾಂ ಇಡೀ ರಾಜ್ಯದ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 11 ಲಕ್ಷ. ನಮ್ಮ ಮೈಸೂರು ನಗರಕ್ಕಿಂತ ಕೊಂಚ ಹೆಚ್ಚು, ಅಷ್ಟೆ. ಅಲ್ಲಿ 2012ರಲ್ಲಿ ಮಿಜೋರಾಂ ಪ್ರೀಮಿಯರ್ ಲೀಗ್ ಆರಂಭವಾಯಿತು. ಹಣ ಹಾಕಿದ್ದು, ಪಂದ್ಯಗಳನ್ನು ನೇರ ಪ್ರಸಾರ ಮಾಡಿದ್ದು ಝೋನೆಟ್ ಎಂಬ ಸ್ಥಳೀಯ ಕೇಬಲ್ ಸಂಸ್ಥೆ. ಸಂಜೆ ಮನೆಯ ಟಿ.ವಿ.ಯಲ್ಲಿ ಪಕ್ಕದ ಬೀದಿಯ ಹುಡುಗ ಗೋಲು ಹೊಡೆಯುವುದನ್ನು ಜನ ನೋಡಿದರು. ಮರುದಿನ ಅವನನ್ನು ಅಂಗಡಿಯಲ್ಲಿ ಮಾತನಾಡಿಸಿದರು. ಎರಡೇ ವರ್ಷದಲ್ಲಿ ರಾಜ್ಯ ತಂಡ ಸಂತೋಷ್ ಟ್ರೋಫಿ ಗೆದ್ದಿತು. ಆ ಲೀಗ್‌ನ ಐಜ್ವಾಲ್ ಎಫ್‌ಸಿ 2015ರಲ್ಲಿ ಐ-ಲೀಗ್‌ಗೆ ಬಡ್ತಿ ಪಡೆಯಿತು, ಮರುವರ್ಷ ಕೆಳಗಿಳಿಯಿತು. ಗೋವಾದ ಕ್ಲಬ್‌ಗಳು ಬಿಟ್ಟುಹೋದ ಜಾಗ ಖಾಲಿ ಇದ್ದುದರಿಂದ ಅದನ್ನೇ ಮತ್ತೆ ಸೇರಿಸಿಕೊಂಡರು. ಮುಂಬೈ ಎಫ್‌ಸಿಯಲ್ಲಿ ಕೆಲಸ ಕಳೆದುಕೊಂಡಿದ್ದ ಖಾಲಿದ್ ಜಮೀಲ್ ಕೋಚ್ ಆಗಿ ಬಂದರು.

2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ ಕೊನೆಯ ಪಂದ್ಯ. ಐಜ್ವಾಲ್‌ಗೆ ಡ್ರಾ ಸಾಕಿತ್ತು. ಒಂಬತ್ತನೇ ನಿಮಿಷದಲ್ಲೇ ಲಾಜಾಂಗ್ ತಂಡದ ದಿಪಾಂಡಾ ಡಿಕಾ ಗೋಲು ಹೊಡೆದರು. ಒಂದು ಗಂಟೆಗೂ ಮಿಕ್ಕಿ ಐಜ್ವಾಲ್ ಹಿಂದೆಯೇ ಇತ್ತು. 67ನೇ ನಿಮಿಷದಲ್ಲಿ ವಿಲಿಯಂ ಲಾಲ್ನುನ್‌ಫೆಲಾ ಸಮಬಲ ತಂದರು. ಮೋಹನ್ ಬಾಗನ್‌ ತಂಡವನ್ನು ಒಂದೇ ಪಾಯಿಂಟ್‌ನಿಂದ ಹಿಂದಿಕ್ಕಿ, ಹಿಂದಿನ ವರ್ಷ ಕೆಳಗಿಳಿದಿದ್ದ ತಂಡ ದೇಶದ ಚಾಂಪಿಯನ್ ಆಯಿತು. ಈಶಾನ್ಯಕ್ಕೆ ಅದು ಮೊದಲ ಲೀಗ್ ಕಿರೀಟ. ಅಂದು ತಂಡ ಕಟ್ಟಿದ ಖಾಲಿದ್ ಜಮೀಲ್ 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು.

ಬೇರೆ ಯಾವುದೇ ದೇಶವಾಗಿದ್ದರೆ ಆ ಕ್ಲಬ್ಬಿಗೆ ಕೆಂಪುಹಾಸು ಹಾಸುತ್ತಿತ್ತು. ಇಲ್ಲಿ ಆದದ್ದೇ ಬೇರೆ. ಅದೇ ಜೂನ್‌ನಲ್ಲಿ ಐಎಸ್‌ಎಲ್ ಎರಡು ಹೊಸ ತಂಡಗಳನ್ನು ಸೇರಿಸಿಕೊಂಡಿತು, ಬಿಡ್ ಮೂಲಕ. ಒಂದು ಟಾಟಾ ಸ್ಟೀಲ್‌ನ ಜಮ್‌ಷೆಡ್‌ಪುರ; ಆಗಷ್ಟೇ ಹುಟ್ಟಿದ, ಒಂದೂ ಪಂದ್ಯ ಆಡಿರದ ತಂಡ. ಇನ್ನೊಂದು ಬೆಂಗಳೂರು ಎಫ್‌ಸಿ. ಚಾಂಪಿಯನ್ ಐಜ್ವಾಲ್ ಹೊರಗೇ ಉಳಿಯಿತು. ಬೆಂಗಳೂರಿನ ಅಭಿಮಾನಿಗಳಿಗೆ ಖುಷಿ ತಂದ ನಿರ್ಧಾರವದು, ನಿಜ. ಬೆಂಗಳೂರು ಎಫ್‌ಸಿ ಆ ಹೊತ್ತಿಗೆ ಎರಡು ಐ-ಲೀಗ್ ಗೆದ್ದು, 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿತ್ತು. ಅರ್ಹತೆಯ ಪ್ರಶ್ನೆಯೇ ಇರಲಿಲ್ಲ. ಆದರೆ ಅರ್ಹತೆಯೇ ಮಾನದಂಡವಾಗಿದ್ದರೆ ಐಜ್ವಾಲ್ ಕೂಡ ಒಳಗಿರಬೇಕಿತ್ತು. ಚೆಕ್ ಬರೆಯುವ ಶಕ್ತಿ ಇಲ್ಲದ ಊರಿಗೆ ಅಗ್ರ ಲೀಗ್ ಇಲ್ಲ ಎಂದ ದಿನ, ದೇಶದ ನೂರಾರು ಸಣ್ಣ ಕ್ಲಬ್‌ಗಳಿಗೆ ಕನಸು ಕಾಣುವ ಕಾರಣವೇ ತಪ್ಪಿಹೋಯಿತು.

ಹಣ ಕೊಟ್ಟು ಬಂದ ತಂಡಗಳಾದರೂ ಗಟ್ಟಿಯಾಗಿ ನಿಂತವೇ? ಪುಣೆ ಸಿಟಿ 2019ರಲ್ಲಿ ಮುಚ್ಚಿತು. ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಹೈದರಾಬಾದ್ 2022ರಲ್ಲಿ ಐಎಸ್‌ಎಲ್ ಚಾಂಪಿಯನ್ ಆಗಿ, ನಂತರ ಸಂಬಳ ಕೊಡಲಾಗದ ಸ್ಥಿತಿಗೆ ಬಿದ್ದು, ಕೈಬದಲಾಗಿ, 2025ರಲ್ಲಿ ದೆಹಲಿಗೆ ವಲಸೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯಿತು. ಅದಕ್ಕೆ ಮೊದಲು ದೆಹಲಿಯಲ್ಲಿದ್ದ ಡೈನಮೋಸ್ ತಂಡ 2019ರಲ್ಲೇ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಊರಿಂದ ಊರಿಗೆ ಹೀಗೆ ಬಿಡಾರ ಕಿತ್ತು ಹೋಗುವ ತಂಡವನ್ನು ಮಗು ಅಪ್ಪನ ಹೆಗಲೇರಿ ನೋಡಿ, ದೊಡ್ಡವನಾಗಿ ತನ್ನ ಮಗುವನ್ನೂ ಕರೆದೊಯ್ಯುವುದು ಹೇಗೆ?

ಆಟದ ಗುಣಮಟ್ಟಕ್ಕೂ ಇದಕ್ಕೂ ನಂಟಿದೆ. ಮೊದಲ ಐಎಸ್‌ಎಲ್‌ನಲ್ಲಿ ಹನ್ನೊಂದರಲ್ಲಿ ಆರು ವಿದೇಶಿಯರನ್ನು ಇಳಿಸಬಹುದಿತ್ತು. 2017ರಲ್ಲಿ ಐದು, 2021ರಿಂದ ನಾಲ್ಕು. ತಂಡಗಳು ಆ ಸ್ಥಾನಗಳನ್ನು ಸಹಜವಾಗಿಯೇ ಗೋಲು ಹೊಡೆಯುವವರಿಗೆ ಕೊಟ್ಟವು. 2014ರಿಂದ 2024–25ರವರೆಗಿನ ಹನ್ನೊಂದು ಋತುಗಳಲ್ಲಿ ಅತಿ ಹೆಚ್ಚು ಗೋಲಿನ ಪ್ರಶಸ್ತಿ ಒಮ್ಮೆಯೂ ಭಾರತೀಯನಿಗೆ ಸಿಕ್ಕಿಲ್ಲ. 2024–25ರಲ್ಲಿ ಭಾರತೀಯರ ಪೈಕಿ ಮೊದಲಿಗರಾಗಿ 14 ಗೋಲು ಹೊಡೆದವರು 40 ವರ್ಷದ ಸುನಿಲ್ ಚೆಟ್ರಿ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ್ದ ಅವರನ್ನು ಮರುವರ್ಷ ಮಾರ್ಚ್‌ನಲ್ಲಿ ವಾಪಸ್ ಕರೆಯಬೇಕಾಯಿತು. ಚೆಟ್ರಿಯ ದೇಹಶಿಸ್ತಿಗೆ ನಮಸ್ಕಾರ. ಆದರೆ ಅವರ ಜಾಗ ತುಂಬುವ ಇಪ್ಪತ್ತೆರಡರ ಹುಡುಗ ಸಿಗಲಿಲ್ಲ ಎಂಬುದು ಲೀಗ್‌ನ ಸೋಲು. 2027ರ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶಗಳಿಗೆ ಸೋತ ಭಾರತ ಹೊರಬಿತ್ತು. 2017ರಲ್ಲಿ 96ನೇ ಸ್ಥಾನದಲ್ಲಿದ್ದ ಫಿಫಾ ರ‍್ಯಾಂಕಿಂಗ್ 2025ರ ಕೊನೆಗೆ 142ಕ್ಕೆ ಕುಸಿದಿತ್ತು.

ರಾಷ್ಟ್ರೀಯ ಲೀಗ್ ಕಟ್ಟುವ ಇದೇ ಕೆಲಸವನ್ನು ಜಪಾನ್ ನಮಗಿಂತ ಮೂರೇ ವರ್ಷ ಮೊದಲು, 1993ರಲ್ಲಿ, ಹತ್ತು ಕ್ಲಬ್‌ಗಳೊಂದಿಗೆ ಆರಂಭಿಸಿತು. ಅಲ್ಲಿಯೂ ಅದಕ್ಕೆ ಮೊದಲು ಇದ್ದದ್ದು ಕಾರ್ಖಾನೆ ತಂಡಗಳೇ. ಜೆ-ಲೀಗ್‌ನ ಅಧ್ಯಕ್ಷ ಸಬುರೊ ಕವಾಬುಚಿ ಹಾಕಿದ ಷರತ್ತು ಕಟ್ಟುನಿಟ್ಟು: ಕ್ಲಬ್ಬಿನ ಹೆಸರಿನಲ್ಲಿ ಊರು ಇರಬೇಕು, ಕಂಪನಿ ಇರಬಾರದು, ಕಿರಿಯರ ತಂಡಗಳನ್ನು ಕ್ಲಬ್ಬೇ ಬೆಳೆಸಬೇಕು. ದೇಶದ ಅತಿ ದೊಡ್ಡ ಪತ್ರಿಕಾ ಸಮೂಹ ಯೊಮಿಯುರಿ ತನ್ನ ವೆರ್ಡಿ ತಂಡಕ್ಕೆ ಸಂಸ್ಥೆಯ ಹೆಸರನ್ನೇ ಉಳಿಸಿಕೊಳ್ಳಲು ಹಟ ಹಿಡಿಯಿತು. ಲೀಗ್ ಬಗ್ಗಲಿಲ್ಲ. ಅತ್ತ ಕಾಶಿಮಾ ಎಂಬ ಸಣ್ಣ ಊರಿನ ಉಕ್ಕಿನ ಕಾರ್ಖಾನೆಯ ತಂಡ, ಹೊಸ ಕ್ರೀಡಾಂಗಣ ಕಟ್ಟಿಕೊಂಡು, ಬ್ರೆಜಿಲ್‌ನ ಜಿಕೊ ಅವರನ್ನು ಕರೆತಂದು ಲೀಗ್ ಸೇರಿತು. ಇಂದು ಜಪಾನಿನಲ್ಲಿ ಅತಿ ಹೆಚ್ಚು ಬಾರಿ ಲೀಗ್ ಗೆದ್ದ ಕ್ಲಬ್ ಅದು.

ಜಪಾನಿಗೂ ಕಷ್ಟದ ದಿನ ಬಂದಿತ್ತು. 1998ರಲ್ಲಿ ಪೋಷಕ ಕಂಪನಿಯೊಂದು ಕೈಚೆಲ್ಲಿದಾಗ ಯೊಕೊಹಾಮಾ ಫ್ಲೂಗೆಲ್ಸ್ ತಂಡವನ್ನು ಅದೇ ಊರಿನ ಎದುರಾಳಿ ಮರಿನೋಸ್ ಜತೆ ವಿಲೀನ ಮಾಡಿದರು. ಅಭಿಮಾನಿಗಳು ಮನೆಗೆ ಹೋಗಿ ಅತ್ತು ಸುಮ್ಮನಾಗಲಿಲ್ಲ. ತಾವೇ ಹಣ ಕೂಡಿಸಿ ಯೊಕೊಹಾಮಾ ಎಫ್‌ಸಿ ಎಂಬ ಹೊಸ ಕ್ಲಬ್ ಕಟ್ಟಿದರು. ಅದು ಕೆಳಗಿನ ಹಂತದಿಂದ ಆಡುತ್ತ ಬಂದು ಅಗ್ರ ಲೀಗ್ ತಲುಪಿತು. ಕೆಳಗಿನಿಂದ ಮೇಲಕ್ಕೆ ದಾರಿ ತೆರೆದಿದ್ದರಿಂದ ಇದು ಸಾಧ್ಯವಾಯಿತು. ಈಗ ಅಲ್ಲಿ ಮೂರು ಹಂತಗಳಲ್ಲಿ 60 ಕ್ಲಬ್‌ಗಳಿವೆ. 1998ರಿಂದ ಈಚೆಗೆ ಜಪಾನ್ ಆಡದ ವಿಶ್ವಕಪ್ ಇಲ್ಲ.

ಭಾರತದಲ್ಲೂ ಆ ದಾರಿಯ ನಕ್ಷೆ ಕಾಗದದ ಮೇಲಿದೆ. 2019ರಲ್ಲಿ ಏಷ್ಯನ್ ಫುಟ್‌ಬಾಲ್ ಒಕ್ಕೂಟ ಒಪ್ಪಿದ ಯೋಜನೆಯಂತೆ ಐ-ಲೀಗ್ ವಿಜೇತರಿಗೆ 2022–23ರಿಂದ ಬಡ್ತಿ, 2024–25ರ ಹೊತ್ತಿಗೆ ಹಿಂಬಡ್ತಿ ಎರಡೂ ಜಾರಿಯಾಗಬೇಕಿತ್ತು. ಪಂಜಾಬ್ ಎಫ್‌ಸಿ, ಆಮೇಲೆ ಮೊಹಮ್ಮಡನ್ ಸ್ಪೋರ್ಟಿಂಗ್ ಬಡ್ತಿ ಪಡೆದು ಬಂದವು. 2024–25 ಮುಗಿಯುವವರೆಗೂ ಒಂದು ತಂಡವೂ ಕೆಳಗಿಳಿಯಲಿಲ್ಲ. ಅರ್ಧ ಬಾಗಿಲು ಮಾತ್ರ ತೆರೆದಂತಾಯಿತು.

ಕರ್ನಾಟಕ ಈ ಚರ್ಚೆಯನ್ನು ದೂರದಿಂದ ನೋಡಿಕೊಂಡಿರುವಂತಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈಸ್ಟ್ ಬೆಂಗಾಲ್‌ನ ‘ಪಂಚಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್ ಇದೇ ಊರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1968–69ರ ಹೊತ್ತಿಗೆ ನಾಲ್ಕು ಬಾರಿ ಗೆದ್ದಿತ್ತು. ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕಪ್ ತಂದ ಆ ಹುಡುಗರು ಪಳಗಿದ್ದು ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯುವ ಆ ಪಂದ್ಯಗಳಿಗೆ ಬರುವ ಜನ ಕಡಿಮೆ. ಪತ್ರಿಕೆಗಳಲ್ಲಿ ಸಿಗುವ ಜಾಗ ಇನ್ನೂ ಕಡಿಮೆ.

ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವನ್ನು ಆಡಿದ್ದು ಈ ಕ್ರೀಡಾಂಗಣದಲ್ಲೇ. ಆಗ ಹುಟ್ಟಿಕೊಂಡ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ, ಕ್ಲಬ್ ಕಂಠೀರವಕ್ಕೆ ಹೋದಾಗ ಜತೆಗೇ ಹೋಯಿತು. ಸಂಬಳ ನಿಂತ ಸುದ್ದಿ ಬಂದಾಗ ತಂಡದ ಪರ ಮಾತನಾಡಲು ಊರಿನಲ್ಲಿ ಜನ ಇದ್ದರು ಎಂಬುದೇ ಈ ಕ್ಲಬ್ಬಿನ ನಿಜವಾದ ಆಸ್ತಿ. ಆದರೆ ಕಂಠೀರವ ಅಥ್ಲೆಟಿಕ್ಸ್‌ನ ಟ್ರ್ಯಾಕ್ ಕೂಡ. ಓಟಗಾರರಿಗೂ ಫುಟ್‌ಬಾಲ್‌ಗೂ ನಡುವಿನ ತಕರಾರು ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. ಇಬ್ಬರದೂ ನ್ಯಾಯವಾದ ಬೇಡಿಕೆ. ಒಂದೂವರೆ ಕೋಟಿಯತ್ತ ಸಾಗುತ್ತಿರುವ ನಗರದಲ್ಲಿ ಫುಟ್‌ಬಾಲ್‌ಗೆಂದೇ ಒಂದು ಒಳ್ಳೆಯ ಕ್ರೀಡಾಂಗಣ ಕಟ್ಟದೆ ಇಬ್ಬರನ್ನೂ ಜಗಳಕ್ಕೆ ಬಿಟ್ಟದ್ದು ಸರ್ಕಾರಗಳ ಉದಾಸೀನ.

ಇನ್ನು ಬೆಂಗಳೂರಿನಾಚೆ? ಚಿನ್ನದ ಗಣಿಯ ಕಾಲದಿಂದ ಫುಟ್‌ಬಾಲ್ ಆಡಿದ ಕೆಜಿಎಫ್, ನೆಹರೂ ಮೈದಾನದ ಮಂಗಳೂರು, ಗೋವಾ-ಕೊಲ್ಹಾಪುರಗಳ ಗಾಳಿ ಬೀಸುವ ಬೆಳಗಾವಿ — ಇಲ್ಲೆಲ್ಲ ಆಟವಿದೆ, ಆಡುವವರಿದ್ದಾರೆ. ಇವನ್ನೆಲ್ಲ ಹೆಣೆಯುವ, ವರ್ಷದಲ್ಲಿ ಆರೇಳು ತಿಂಗಳಾದರೂ ನಡೆಯುವ, ಗೆದ್ದವರನ್ನು ರಾಷ್ಟ್ರೀಯ ಲೀಗ್‌ನ ಮೊದಲ ಮೆಟ್ಟಿಲಿಗೆ ಕಳಿಸುವ ರಾಜ್ಯ ಲೀಗ್ ಬೇಕು. 11 ಲಕ್ಷ ಜನರ ಮಿಜೋರಾಂ ಒಂದು ಕೇಬಲ್ ಸಂಸ್ಥೆಯ ನೆರವಿನಿಂದ ಇದನ್ನು ಮಾಡಿ ತೋರಿಸಿದೆ. ನಮ್ಮ ರಾಜ್ಯದಲ್ಲೂ ಸ್ಥಳೀಯ ಕೇಬಲ್ ವಾಹಿನಿಗಳಿವೆ. ಮೊಬೈಲಿನಲ್ಲೇ ನೇರ ಪ್ರಸಾರ ಮಾಡುವ ಹುಡುಗರಿದ್ದಾರೆ. ಕೊರತೆ ಇರುವುದು ಸಂಘಟಿಸುವ ಮನಸ್ಸಿಗೆ.

2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಫೆಡರೇಷನ್‌ನ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿದೆ. ನಿಯಮ ಬರೆದದ್ದಾಯಿತು, ಪಾಲಿಸುವುದು ಬಾಕಿ. ಮುಂದಿನ ವಾಣಿಜ್ಯ ಒಪ್ಪಂದ ಯಾರೊಂದಿಗೇ ಆಗಲಿ, ಲೀಗ್ ನಡೆಸುವ ಹೊಣೆ ಫೆಡರೇಷನ್ ಮತ್ತು ಕ್ಲಬ್‌ಗಳ ಕೈಯಲ್ಲೇ ಇರಬೇಕು. ಕರಾರು ಮುಗಿಯುವುದಕ್ಕೆ ಎರಡು ವರ್ಷ ಮೊದಲೇ ನವೀಕರಣದ ಮಾತು ಮುಗಿದಿರಬೇಕು. ಬರುವ ಹಣದಲ್ಲಿ ಒಂದು ನಿಶ್ಚಿತ ಪಾಲು ರಾಜ್ಯ ಲೀಗ್‌ಗಳಿಗೆ ಹೋಗಬೇಕು. ಎಲ್ಲಕ್ಕಿಂತ ಮೊದಲು, ಕೊನೆಯ ಸ್ಥಾನ ಪಡೆದ ತಂಡ ಕೆಳಗಿಳಿಯಲೇಬೇಕು. ಯಾವ ಉದ್ಯಮಿಯ ತಂಡ, ಎಷ್ಟು ಅಭಿಮಾನಿಗಳಿದ್ದಾರೆ ಎಂದು ನೋಡದೆ ಈ ನಿಯಮ ಜಾರಿಯಾಗಲಿ. ಒಂದು ವರ್ಷ ಆ ಸ್ಥಾನದಲ್ಲಿ ಬೆಂಗಳೂರು ಎಫ್‌ಸಿಯೇ ಇದ್ದರೆ ಅದೂ ಇಳಿಯಲಿ, ಆಡಿ ಗೆದ್ದು ಮತ್ತೆ ಬರಲಿ.